ಎಡಹುರಿಯ ಹಗ್ಗದ ಮೇಲೆ ಬಿದ್ದ ತಪ್ಪು

ನಾನು ಕಲಿತ ಹೈಸ್ಕೂಲಿನ ನಿವೃತ್ತ ಹೆಡ್‌ಮಾಸ್ತರರು ಫೋನು ಮಾಡಿದ್ದು ನನಗೆ ಶಹಬ್ಬಾಸ್ ಹೇಳಲಿಕ್ಕೆ. ಬೈಲಹೊಂಗಲದ ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ಆಗಷ್ಟೇ ಪ್ರಾಕ್ಟಿಕಲ್ ಮುಗಿಸಿ ನಳದ ಕೆಳಗೆ ಕೈಗೆ ಹತ್ತಿದ ಕಲೆ ತಿಕ್ಕುತ್ತಿದ್ದೆ.

“ಸಾಲ್ಯಾಗಿನ ನಿನ್ನ ಭಾಷಣ ಭಾಳ ಉಪಯೋಗಾತು ನೋಡವಾ,” ಎಂದರು. “ಊರಾಗ ಒಂದು ದೊಡ್ಡ ಜಗಳ ಆಗೋದಿತ್ತು. ನಿನ್ನ ಮಾತಿನಿಂದ ಬಗೀಹರೀತು.”

“ಏನ್ ಜಗಳ್ರಿ ಸರ?”

“ನಿಮ್ಮ ಹೊಲದ ಬಾಜೂದವರು ಬಾವ್ಯಾಗಿನ ಮೋಟಾರ್ ಎತ್ತೂ ಮುಂದ ಹಗ್ಗ ಹರೀತು. ಕೆಳಗ ನಿಂತಿದ್ದ ಅವರ ತಮ್ಮನ ಕಾಲು ಮುರೀತು. ಹರದದ್ದು ನಿಮ್ಮ ಅತ್ತಿ ಹೊಸೆದ ಹಗ್ಗ. ಯಾಕ ಹರೀತು ಅಂತ ಎಲ್ಲಾರೂ ತಲಿ ಕೆಡಿಸ್ಕೊಂಡಿದ್ರು. ನಾ ಹೇಳಿದೆ, ಅದಕ್ಕ ನಮ್ಮ ಹುಡುಗೀನ ಉತ್ತರಾ ಕೊಟ್ಟು ಹೋಗ್ಯಾಳ. ಪ್ರಕೃತಿ ಒಂದ ಕೈ ಆರಿಸ್ಕೊಂಡದ, ಇನ್ನೊಂದನ್ನ ಬಿಟ್ಟದ. ಬಿಟ್ಟ ಕೈಲೆ ಹೊಸೆದ ಹಗ್ಗ ಹ್ಯಾಂಗ ತಡೀತದ?”

“ಸರ, ನಾ ಹಂಗ ಅಂದಿಲ್ರಿ.”

“ಅಂದೀಯಲ್ಲವಾ! ಮುಂದಿನ ಕುರ್ಚಿ ಮ್ಯಾಲೆ ಕೂತು ಕೇಳೀನಿ. ಬರಕೊಂಡೂ ಇಟ್ಟೀನಿ.”

ಅತ್ತೆಗೂ ಅವರೇ ಹೋಗಿ ತಿಳಿಸಿ ಹೇಳಿದ್ದರಂತೆ. ಇನ್ನು ಮೇಲೆ ಹಗ್ಗ ಹೊಸೆಯುವುದು ಬೇಡ, ಮಂದಿಯ ಜೀವದ ಪ್ರಶ್ನೆ ಎಂದು. ಆಕೆ ಹೂಂ ಅಂದಳಂತೆ. ಊರವರು ತಮ್ಮ ಮನೆಗಳಲ್ಲಿದ್ದ ಆಕೆಯ ಹಗ್ಗಗಳನ್ನು ತಂದು ತಂದು ವಾಪಸು ಕೊಡುತ್ತಿದ್ದರಂತೆ. “ನೀ ಏನೂ ಕಾಳಜಿ ಮಾಡಬ್ಯಾಡ. ಆಕೀಗೆ ಯಾರೂ ಬೈದಿಲ್ಲ,” ಎಂದರು, ದೊಡ್ಡ ಉಪಕಾರ ಮಾಡಿದವರ ಹಾಗೆ.

ಆ ‘ಬೈದಿಲ್ಲ’ ಎಂಬ ಮಾತಿಗೆ ಉರಿದ ನನ್ನ ಮೈ ಇನ್ನೂ ಆರಿಲ್ಲ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಮನೋಳಿಯಿಂದ ಒಂದೆರಡು ಹರದಾರಿ ದೂರದ ನಮ್ಮೂರಲ್ಲಿ, ಹೊಲಕ್ಕೆ ಹೊಂದಿದ ಮನೆಯಲ್ಲಿ ಇರುತ್ತಾಳೆ. ಗಂಡ ತೀರಿಹೋದ ಮೇಲೆ ತವರಿಗೆ ಬಂದವಳು ಯಾರ ಹಂಗಿನಲ್ಲೂ ಉಣ್ಣಲಿಲ್ಲ. ಹೊಲದ ಅಂಚಿಗೆ ಪುಂಡಿ ಬಿತ್ತುತ್ತಾಳೆ, ದಂಟು ಕೊಯ್ದು ಹಳ್ಳದ ನೀರಲ್ಲಿ ಕೊಳೆಹಾಕುತ್ತಾಳೆ, ನಾರು ಬಿಡಿಸಿ ಒಣಗಿಸಿ ಹಗ್ಗ ಹೊಸೆಯುತ್ತಾಳೆ. ಎತ್ತಿನ ಕಣ್ಣಿ, ಮೂಗುದಾರ, ತೊಟ್ಟಿಲ ಹಗ್ಗ, ಬಾವಿಯ ಹಗ್ಗ. ರಾಮದುರ್ಗದ ಕಡೆಯ ದನದ ವ್ಯಾಪಾರಿಗಳು ಮುದ್ದಾಂ ಆಕೆಯ ಕಣ್ಣಿಯನ್ನೇ ಕೇಳಿಕೊಂಡು ಬರುತ್ತಿದ್ದರು. ನಾನು ಮಾತು ಕಲಿತದ್ದು ಆಕೆಯ ಎದುರು ಹಗ್ಗದ ಇನ್ನೊಂದು ತುದಿ ಹಿಡಿದು ನಿಂತು. ಹುರಿಯೇರುವಾಗ ಮಾತು ನಿಲ್ಲಬಾರದು, ನಿಂತರೆ ಕೈ ಹದ ತಪ್ಪುತ್ತದೆ ಎಂಬುದು ಆಕೆಯ ನಂಬಿಕೆ. ಹಾಗಾಗಿ ಊರ ಕತೆಗಳೆಲ್ಲ ನನಗೆ ಮಾರಿನ ಲೆಕ್ಕದಲ್ಲಿ ಗೊತ್ತು. ಯಾರ ಮದುವೆ ಮುರಿದ ಕತೆ ಎಂಟು ಮಾರು, ಯಾರ ಎಮ್ಮೆ ಕಳೆದ ಕತೆ ಮೂರು ಮಾರು.

ಆಕೆ ರೊಡ್ಡಗೈಯವಳು. ಎಲ್ಲ ಕೆಲಸವೂ ಎಡಗೈಯಿಂದ. ಪೇಟೆಯ ಹಗ್ಗವನ್ನು ಕಣ್ಣೆದುರು ನೆಟ್ಟಗೆ ಹಿಡಿದು ನೋಡಿ, ಅದರ ಎಳೆಗಳು ಕೆಳಗಿನಿಂದ ಬಲಕ್ಕೆ ವಾರೆಯಾಗಿ ಏರುತ್ತವೆ. ಅತ್ತೆಯ ಹಗ್ಗದಲ್ಲಿ ಎಡಕ್ಕೆ ಏರುತ್ತವೆ. ತಲೆಕೆಳಗು ಮಾಡಿ ಹಿಡಿದರೂ ಎಡಕ್ಕೇ. ಕನ್ನಡಿಯೊಳಗೆ ನೋಡಿದರೆ ಮಾತ್ರ ಅದು ಪೇಟೆಯ ಹಗ್ಗದಂತೆ ಕಾಣುತ್ತದೆ. ಇದು ಆಕೆಗೆ ಗೊತ್ತಿತ್ತು. ಅದಕ್ಕೇ ತಾನು ಹೊಸೆದ ಪ್ರತಿ ಹಗ್ಗದ ತುದಿಗೂ ಹಳೆಯ ಸೀರೆಯ ಕೆಂಪು ಚಿಂದಿ ಕಟ್ಟಿ ಕೊಡುತ್ತಿದ್ದಳು. “ಕೆಂಪಿಗೆ ಕೆಂಪು ಜೋಡಸರಿ, ಪ್ಯಾಟೀದು ಜೋಡಸಬ್ಯಾಡ್ರಿ,” ಎಂದು ಕೊಳ್ಳುವವರಿಗೆ ಹೇಳುತ್ತಿದ್ದಳು. ಅವರು ಹೂಂ ಎನ್ನುತ್ತಿದ್ದರು.

ನಾನು ಮುಂದೆ ಧಾರವಾಡದ ಪ್ರಯೋಗಾಲಯವೊಂದರಲ್ಲಿ ಐದಾರು ವರ್ಷ ಕೂತು ಮಾಡಿದ ಕೆಲಸವೂ ಹುರಿಯದೇ, ಆದರೆ ಬಂಗಾರದಲ್ಲಿ. ಕಣ್ಣಿಗೆ ಕಾಣದಷ್ಟು ಸಣ್ಣ ಬಂಗಾರದ ಹರಳುಗಳು. ಸಾವಿರಾರು ಸಾಲಾಗಿ ಇಟ್ಟರೂ ಒಂದು ಸಾಸಿವೆಯ ಅಗಲ ತುಂಬುವುದಿಲ್ಲ. ಬಂಗಾರಕ್ಕೆ ತನ್ನದೆಂಬ ಎಡವೂ ಇಲ್ಲ, ಬಲವೂ ಇಲ್ಲ. ಆದರೆ ಆ ಹರಳು ಬೆಳೆಯುವ ನೀರಿಗೆ ಒಂದು ಅಮೈನೊ ಆಮ್ಲವನ್ನು ಚಿಟಿಕೆಯಷ್ಟು ಬಿಟ್ಟರೆ, ಅದು ಹರಳಿನ ಮೈಗೆ ಅಂಟಿಕೊಂಡು ಮುಖಗಳನ್ನು ತಿರುಚುತ್ತ ಬೆಳೆಸುತ್ತದೆ, ಮಕ್ಕಳ ಕಾಗದದ ಗಿರಗಿಟ್ಟಿಯ ಹಾಗೆ. ಅದೇ ಆಮ್ಲದ ಕನ್ನಡಿ ರೂಪವನ್ನು ಬಿಟ್ಟರೆ ಹರಳು ಇನ್ನೊಂದು ಕಡೆ ತಿರುಚಿಕೊಳ್ಳುತ್ತದೆ. ಎರಡೂ ಪುಡಿಗಳು ಬಿಳಿ, ಎರಡಕ್ಕೂ ಒಂದೇ ತೂಕ. ಬಾಟಲಿ ಅದಲುಬದಲಾದರೆ ವಾರದ ದುಡಿಮೆ ಹಾಳು. ನಾನು ಒಂದರ ಕೊರಳಿಗೆ ಕೆಂಪು ದಾರ ಕಟ್ಟಿದ್ದೆ. ಜೊತೆಯವರು ನಕ್ಕಿದ್ದರು.

ಎರಡೂ ಬಗೆಯ ಹರಳುಗಳಿಗೆ ಗಟ್ಟಿತನ ಒಂದೇ, ಹೊಳಪು ಒಂದೇ. ಸುತ್ತುತ್ತ ಸಾಗುವ ಬೆಳಕನ್ನು ಅವುಗಳ ಮೂಲಕ ಹಾಯಿಸಿ ಅಳೆದರೆ ಮಾತ್ರ, ಒಂದು ಸೊನ್ನೆಯಿಂದ ಎಷ್ಟು ಮೇಲೆ ತೋರಿಸುತ್ತದೋ ಇನ್ನೊಂದು ಅಷ್ಟೇ ಕೆಳಗೆ ತೋರಿಸುತ್ತದೆ. ಅರ್ಧಕ್ಕರ್ಧ ಬೆರೆಸಿಬಿಟ್ಟರೆ ಯಂತ್ರ ಸೊನ್ನೆ ತೋರಿಸುತ್ತದೆ, ಅಲ್ಲೇನೂ ತಿರುಚೇ ಇಲ್ಲವೇನೋ ಎಂಬಂತೆ.

ಇದನ್ನೇ ನಾನು ನಮ್ಮೂರ ಹೈಸ್ಕೂಲಿನ ವಿಜ್ಞಾನ ಮೇಳದಲ್ಲಿ ಹೇಳಿದ್ದು. ಅತ್ತೆಯ ಹತ್ತಿರ ಒಂದು ಗೇಣು ಹಗ್ಗ ಕೇಳಿ ತಂದೆ, ಏಕೆಂದು ಹೇಳಲಿಲ್ಲ. ಪೇಟೆಯ ಹಗ್ಗದ ತುಂಡಿನ ಪಕ್ಕ ಅದನ್ನು ಹಿಡಿದು ಮಕ್ಕಳಿಗೆ ತೋರಿಸಿದೆ. ಜೀವಿಗಳ ಮೈಯೊಳಗಿನ ಅಮೈನೊ ಆಮ್ಲಗಳು ಹೆಚ್ಚುಕಡಿಮೆ ಎಲ್ಲವೂ ಒಂದೇ ಕೈಯವು, ಏಕೆಂದು ಯಾರಿಗೂ ಖಚಿತವಾಗಿ ತಿಳಿದಿಲ್ಲ ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಮುಂದಿನ ಸಾಲಿನಲ್ಲಿ ನನ್ನ ಗುರುಗಳು, ಇದೇ ಹೆಡ್‌ಮಾಸ್ತರರು, ತಲೆದೂಗುತ್ತಿದ್ದರು. ಧ್ವನಿ ಏರಿಸಿ, “ಪ್ರಕೃತಿ ಒಂದು ಕೈಯನ್ನು ಆರಿಸಿಕೊಂಡಿತು, ಇನ್ನೊಂದನ್ನು ಬಿಟ್ಟುಕೊಟ್ಟಿತು. ಎರಡನ್ನೂ ಬೆರೆಸಿದರೆ ಸೊನ್ನೆ!” ಎಂದುಬಿಟ್ಟೆ. ಚಪ್ಪಾಳೆ ಬಿತ್ತು. ಆ ಚಪ್ಪಾಳೆ ನೆನೆದರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಎನಿಸುತ್ತದೆ.

ಭಾನುವಾರ ಸವದತ್ತಿಯಲ್ಲಿ ಬಸ್ಸು ಬದಲಿಸಿ ಊರು ಸೇರಿದೆ. ಮನೆಯ ಮುಂದೆ ಹಗ್ಗಗಳ ಒಟ್ಟಲು ಬಿದ್ದಿತ್ತು. ಮಣ್ಣು ಮೆತ್ತಿದ್ದು, ಸಗಣಿ ಒಣಗಿದ್ದು, ತೊಟ್ಟಿಲಿಗೆ ಕಟ್ಟಿ ಎಣ್ಣೆ ಹಿಡಿದು ಕಪ್ಪಾದದ್ದು. ಒಬ್ಬರಾದರೂ ಸುತ್ತಿ ಇಟ್ಟಿರಲಿಲ್ಲ, ಎಸೆದು ಹೋಗಿದ್ದರು. ಇಪ್ಪತ್ತು ವರ್ಷ ಎಳೆದರೂ ಹರಿಯದ ಹಗ್ಗಗಳು ಅವು! ಆ ಇಪ್ಪತ್ತು ವರ್ಷದ ಸಾಕ್ಷಿ ಯಾರಿಗೂ ಬೇಕಾಗಿರಲಿಲ್ಲ. ನನ್ನ ಒಂದು ಸಾಲಿನ ಡೌಲು ಸಾಕಾಗಿತ್ತು.

ಅತ್ತೆ ಪಡಸಾಲೆಯಲ್ಲಿ ಕೂತು ನಾರು ತೀಡುತ್ತಿದ್ದಳು, ಬಲಗೈಯಿಂದ. ಬೆರಳು ಮಾತು ಕೇಳುತ್ತಿರಲಿಲ್ಲ. ಒಂದು ಮೊಳದಷ್ಟು ಹುರಿ ಅಲ್ಲಲ್ಲಿ ಗಂಟು ಗಂಟಾಗಿ, ಅಲ್ಲಲ್ಲಿ ಸಡಿಲವಾಗಿ, ಎಳೆಮಗು ಹೊಸೆದಂತಿತ್ತು.

“ಬಾ ಯವ್ವಾ. ಉಂಡ್ಯೋ ಇಲ್ಲೋ?”

“ಇದೇನ್ ಮಾಡಾಕ ಹತ್ತಿ ಅತ್ತಿ?”

“ಹೊಸಿಯೂದು ಬಿಡತೇನಿ ಅಂತ ಮಾಸ್ತರಗ ಮಾತು ಕೊಟ್ಟೇನಿ. ಈ ಕೈಲೆ ಆದ್ರೂ ಬರತೈತೇನು ಅಂತ ನೋಡಾಕ ಹತ್ತಿದ್ದೆ. ಬರವಲ್ದು.” ಆಮೇಲೆ ನನ್ನ ಮುಖ ನೋಡದೆ ಕೇಳಿದಳು. “ಖರೇನ ಹಂಗ ಅಂದ್ಯಾ ನೀ? ಬಿಟ್ಟ ಕೈ ಅಂದ್ಯಾ?”

“ಅಂದೆ. ಆದ್ರ ಅದರ ಅರ್ಥ ಹಂಗಲ್ಲ ಅತ್ತಿ.”

“ಹಂಗಲ್ಲ ಅಂದ್ರ ಹೆಂಗ?”

ನನ್ನ ಬಾಯಿಗೆ ಬಂದದ್ದೆಲ್ಲ ಪುಸ್ತಕದ ಮಾತು. ಆಕೆ ಮತ್ತೆ ನಾರಿಗೆ ಬಲಗೈ ಹಚ್ಚಿದಳು. ಆಕೆ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮೊಳದುದ್ದದ ಕೆಟ್ಟ ಹುರಿಯನ್ನು ನೋಡಿ ತಡೆಯಲಾಗಲಿಲ್ಲ. ಚಪ್ಪಲಿ ಮೆಟ್ಟಿ ಬಾವಿಯವರ ಮನೆಗೆ ನಡೆದೆ.

ಅವರು ನಮ್ಮ ಹೊಲದ ನೆರೆಯವರು, ಊರ ವರಸೆಯಲ್ಲಿ ನನಗೆ ಕಾಕಾ. ಮಳೆಗೆ ಬಾವಿಯ ನೀರು ಏರಿದಾಗ ಕೆಳಗಿನ ಕಟ್ಟೆಯ ಮೇಲಿನ ಮೋಟಾರನ್ನು ಎತ್ತಬೇಕು, ಇಲ್ಲವಾದರೆ ಮುಳುಗಿ ಸುಟ್ಟುಹೋಗುತ್ತದೆ. ಪ್ರತಿ ಮಳೆಗಾಲದ ಕೆಲಸ. ಕಾಕಾನ ತಮ್ಮ ಮೊಣಕಾಲ ತನಕ ಪ್ಲಾಸ್ಟರು ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟು ಹೊರಸಿನ ಮೇಲೆ ಮಲಗಿದ್ದ.

“ಬರ್ರಿ ಮೇಡಮ್ಮಾರ,” ಎಂದ. “ನಿಮ್ಮ ವಿಜ್ಞಾನದಾಗ ನನ್ನ ಕಾಲಿನ ಸುದ್ದೀನೂ ಐತೇನ್ರಿ?”

“ನೀ ಏನ್ ಕಂಡಿ, ಅದನ್ನ ಹೇಳೋ ಮಾರಾಯಾ.”

“ನಾ ಬಾವಿ ಪಾವಟಿಗಿ ಮ್ಯಾಲ ನಿಂತು ಬಿದರ ಗಳಾ ಕೊಟ್ಟು ಮೋಟಾರ್ ಹಿಡದಿದ್ದೆ, ಗ್ವಾಡಿಗಿ ಬಡೀಬಾರದಂತ. ಮ್ಯಾಲ ನಾಕು ಮಂದಿ ಜಗ್ಗಾಕ ಹತ್ತಿದ್ರು. ಮೋಟಾರ್ ಕಟ್ಟಿ ಬಿಟ್ಟು ಏರಿತು, ಗಳಾ ಆನಿಸಿದ್ದಕ್ಕ ಅದು ತಿರಗಲಿಲ್ಲ. ನಡುವಿನ ಗಂಟು ತಿರುಗಾಕ ಹತ್ತಿತು. ಗರಾಗರಾ! ದೆವ್ವ ಹೊಕ್ಕಂಗ. ಎಣ್ಣಾ, ಗಂಟು ತಿರಗತೈತಿ ಅಂತ ಒದರೇನಿ. ಇಂವ ಏನಂದಾ ಕೇಳ್ರಿ.”

“ತಿರಗಿದ್ರ ತಿರಗ್ಲಿ ಬಿಡ, ಜಗ್ರೆಲೆ ಅಂದೆ,” ಎಂದರು ಕಾಕಾ ತಲೆ ತಗ್ಗಿಸಿ. “ಹಗ್ಗಾ ಹರದು ಮೋಟಾರ್ ಇವನ ಕಾಲಿಗೆ ಬಡದು ಕೆಳಗ ಬಿತ್ತು.”

“ನಡುವ ಗಂಟು ಯಾಕ ಬಂತು ಕಾಕಾ?”

“ಬ್ಯಾಸಿಗ್ಯಾಗ ಮೋಟಾರ್ ಇನ್ನೂ ಕೆಳಗ ಇಳಿಸಿದ್ವಿ, ಅಕ್ಕಾನ ಹಗ್ಗಾ ಈ ಸಲ ಸಾಲಲಿಲ್ಲವಾ. ಕಿತ್ತೂರಾಗ ಹೈವೇ ಬಾಜೂಕ ಲಾರಿ ಸಾಮಾನಿನ ಅಂಗಡ್ಯಾಗ ನಾಯ್ಲಾನ್ ಹಗ್ಗಾ ತಂದಿದ್ದೆ. ಎರಡೂ ಕೂಡಿಸಿ ಕಟ್ಟಿದ್ವಿ.”

“ಕೆಂಪಿಗೆ ಕೆಂಪ ಜೋಡಸರಿ ಅಂತ ಅತ್ತಿ ಹೇಳಿರಲಿಲ್ಲೇನು?”

“ಹೇಳಿದ್ಲಲ್ಲ! ಅದಕ್ಕಂತನ ನಾಯ್ಲಾನ್ ಹಗ್ಗಕ್ಕೂ ಒಂದು ಕೆಂಪ ಅರಬಿ ಚಿಂದಿ ಕಟ್ಟಿದ್ದೆ.”

“ನಾಯ್ಲಾನಿಗೆ ಯಾಕ ಕಟ್ಟಿದ್ರಿ?” ಎಂದೆ.

“ದೃಷ್ಟಿಗಲ್ಲೇನವಾ ಅದು?” ಎಂದರು ಕಾಕಾ. “ಹೊಸಾ ಎತ್ತಿಗಿ ಕಟ್ಟತೀವಿ, ಹೊಸಾ ಗಾಡಿಗಿ ಕಟ್ಟತೀವಿ. ಅಕ್ಕಾನೂ ದೃಷ್ಟಿಗಂತನ ಕಟ್ಟಿ ಕೊಡತಾಳ ಅಂತ ತಿಳದೇವಿ. ಊರಾಗ ಎಲ್ಲಾರೂ ಹಂಗ ತಿಳದಾರ.”

ಇಷ್ಟು ವರ್ಷ ಆಕೆ ಹೇಳಿದ್ದನ್ನು ಇಡೀ ಊರು ಹೂಂ ಎಂದು ಕೇಳಿ, ತನಗೆ ಬೇಕಾದದ್ದನ್ನು ತಿಳಿದುಕೊಂಡಿತ್ತು. ಹರಿದ ಹಗ್ಗ, ನಾಯ್ಲಾನು ಎರಡೂ ಅವರ ಹಿತ್ತಲಲ್ಲೇ ಬಿದ್ದಿದ್ದವು. ಅತ್ತೆಯ ಹಗ್ಗ ಹರಿದ ಜಾಗದಲ್ಲಿ ಎಳೆಗಳು ಪೂರಾ ಬಿಚ್ಚಿ, ಹುರಿಯೇ ಇಲ್ಲದ ಬರೀ ನಾರಾಗಿದ್ದವು. ಎರಡನ್ನೂ ಹೆಗಲಿಗೆ ಹಾಕಿಕೊಂಡೆ. “ಕಾಕಾ, ನಡೀರಿ ನನ್ನ ಜೋಡಿ. ಜಗ್ಗಾಕ ಒಬ್ಬರು ಬೇಕು,” ಎಂದೆ. ಅವರು ನನ್ನ ಹಿಂದೆಯೇ ಬಂದರು. ದಾರಿಯಲ್ಲಿ ಅತ್ತೆಯ ಅಂಗಳದ ಒಟ್ಟಲಿನಿಂದ ಇನ್ನೂ ಎರಡು ಹಗ್ಗ ಎಳೆದುಕೊಂಡೆ.

ಹೆಡ್‌ಮಾಸ್ತರರ ಮನೆ ಅಗಸಿಯ ಒಳಗೆ. ತಲೆತಲಾಂತರದಿಂದ ಪೂಜೆ, ಪಾಠದ ಮನೆತನ. ಸಂಜೆ ಅವರ ಕಟ್ಟೆಯ ಮೇಲೆ ಐದಾರು ಹಿರಿಯರು ಪೇಪರು ಓದುತ್ತ ಕೂಡುತ್ತಾರೆ. ಅಂದೂ ಇದ್ದರು.

“ಬಾರವಾ, ಬಾ! ಚಹಾ ಮಾಡಸ್ಲೇನು?”

“ಬ್ಯಾಡ್ರಿ ಸರ. ನಿಮ್ಮ ಕಟ್ಟಿ ಕಂಬ ಒಂದೀಟು ಕೊಡ್ರಿ.”

ಮೊದಲು ಅತ್ತೆಯ ಎರಡು ಹಗ್ಗಗಳನ್ನು ಒಂದಕ್ಕೊಂದು ಗಂಟು ಹಾಕಿ, ಗಂಟಿನಲ್ಲಿ ಒಂದು ಕಡ್ಡಿ ಸಿಕ್ಕಿಸಿದೆ. ಒಂದು ತುದಿ ಕಂಬಕ್ಕೆ, ಇನ್ನೊಂದು ತುದಿ ಕಾಕಾನ ಕೈಗೆ. ಜಗ್ಗಿದರು. ಕಡ್ಡಿ ಇದ್ದಲ್ಲೇ ಇತ್ತು. ನಾಯ್ಲಾನನ್ನು ಕೊಯ್ದು ಎರಡು ತುಂಡು ಮಾಡಿ ಜೋಡಿಸಿದೆ. ಕಡ್ಡಿ ಆಗಲೂ ಇದ್ದಲ್ಲೇ ಇತ್ತು. ಆಮೇಲೆ ಅತ್ತೆಯದಕ್ಕೆ ನಾಯ್ಲಾನು ಕಟ್ಟಿದೆ. ಕಾಕಾ ಜಗ್ಗಿದ್ದೇ ತಡ, ಕಡ್ಡಿ ಗಡಿಯಾರದ ಮುಳ್ಳಿಗೆ ಹುಚ್ಚು ಹಿಡಿದಂತೆ ತಿರುಗಿತು, ಎರಡೂ ಹಗ್ಗಗಳ ಹುರಿ ಬಿಚ್ಚುತ್ತ ಹೋಯಿತು. ಕಟ್ಟೆಯ ಮೇಲಿನವರು ಪೇಪರು ಕೆಳಗಿಟ್ಟರು.

“ನೋಡ್ರಿ ಸರ. ಎಡಕ್ಕ ಎಡ ತಡೀತೈತಿ, ಬಲಕ್ಕ ಬಲ ತಡೀತೈತಿ. ಇದರಾಗ ಯಾವ ಹಗ್ಗದ ತಪ್ಪರಿ?”

ಅವರು ಕನ್ನಡಕ ತೆಗೆದು ಒರೆಸಿದರು. “ಆದರೂ ಪ್ರಕೃತಿ ಆರಿಸ್ಕೊಂಡದ ಅಂತ ನೀನ ಅಂದಿ.”

“ಅಂದದ್ದು ನನ್ನ ಸೊಕ್ಕು. ಆರಿಸಾಕ ಅದೇನ್ ಹೆಣ್ಣು ನೋಡಾಕ ಬಂದಿತ್ತೇನ್ರಿ? ಹ್ಯಾಂಗೋ ಏನೋ ಒಂದು ಕಡೆ ತುಸು ಹೆಚ್ಚಾತು, ಹೆಚ್ಚಾದದ್ದು ಇನ್ನೂ ಹೆಚ್ಚಾಕ್ಕೊಂತ ಹೋತು, ಹಂಗ ಆಗಿರಬಹುದು ಅಂತ ಅಂದಾಜು ಮಾಡತಾರ. ಉಳದ ಕೈ ಶಾಣ್ಯಾ, ಹೋದ ಕೈ ದಡ್ಡ ಅಂತ ಯಾರೂ ಹೇಳಿಲ್ಲ. ಕಲ್ಲಿನಾಗಿನ ಸ್ಫಟಿಕಾ ಎಡದ್ದೂ ಸಿಗತಾವು, ಬಲದ್ದೂ ಸಿಗತಾವು. ಇನ್ನೂ ಒಂದು ಮಾತು ಕೇಳ್ರಿ. ಪ್ರಕೃತಿ ಆರಿಸ್ಕೊಂಡದ ಅಂತೀರಲ್ಲ, ಆ ಅಮೈನೊ ಆಮ್ಲಕ್ಕ ನಾವು ಕರಿಯೂದು ಎಡಗೈದ್ದು ಅಂತ. ನಿಮ್ಮ ಮೈಯಾಗಿನ ಮಾಂಸಾ ಎಲ್ಲಾ ರೊಡ್ಡಗೈದು ಸರ!”

ಕಟ್ಟೆಯ ಮೇಲಿನ ಒಬ್ಬ ಅಜ್ಜ ಗೊಳ್ಳೆಂದು ನಕ್ಕ. “ಹಂಗಾರ ಮಾಸ್ತರ, ಇನ್ನ ಮ್ಯಾಲ ನೀವು ಮಡಿ ಉಡೂದು ದಂಡ ಬಿಡ್ರಿ!”

ಗುರುಗಳು ನಗಲಿಲ್ಲ. “ಹೆಸರಿಟ್ಟವರು ನೀವು. ನಾಳೆ ಬಲಗೈದು ಅಂತೀರಿ,” ಎಂದರು. ಅದು ಸರಿಯಾದ ಮಾತು, ನನಗೆ ಇಂಥವನ್ನು ಕಲಿಸಿದವರೇ ಅವರು. ಅಲ್ಲಿಗೆ ಬಿಟ್ಟಿದ್ದರೆ ನನ್ನ ಸಿಟ್ಟು ಇಳಿಯುತ್ತಿತ್ತೋ ಏನೋ. ಅವರು ಕನ್ನಡಕ ಹಾಕಿಕೊಂಡು, ಸಮಾಧಾನದ ದನಿಯಲ್ಲಿ ಮುಂದುವರಿಸಿದರು. “ಹಗ್ಗದ ತಪ್ಪಿಲ್ಲ, ಒಪ್ಪಿದೆ. ಆದ್ರ ನೋಡವಾ, ಊರಾಗ ಎಲ್ಲಾ ಹಗ್ಗಾನೂ ಒಂದ ನಮೂನಿ ಇದ್ದಿದ್ರ ಇದು ಆಗತಿದ್ದಿಲ್ಲ. ನಿಮ್ಮತ್ತಿದ ಒಂದು ಬ್ಯಾರೆ ಇತ್ತು. ಅದಕ್ಕ ಆತು. ಆಕಿ ಬಿಟ್ಟರ ಎಲ್ಲಾರಿಗೂ ಸುರಳೀತ.”

ಗೊತ್ತಿಲ್ಲದೆ ಆಡಿದ ಮಾತಾಗಿದ್ದರೆ ತಿದ್ದಬಹುದಿತ್ತು. ಇವರು ಕಡ್ಡಿ ತಿರುಗಿದ್ದನ್ನು ಕಣ್ಣಾರೆ ಕಂಡಿದ್ದರು. ಎರಡು ಹಗ್ಗ ಕೂಡಿದಾಗ ಹುಟ್ಟುವ ತೊಡಕು ಎರಡಕ್ಕೂ ಸೇರಿದ್ದು ಎಂಬುದು ತಿಳಿದಿತ್ತು. ತಿಳಿದೂ, ಕಡಿಮೆ ಇರುವವರು ಜಾಗ ಬಿಡಲಿ ಎನ್ನುತ್ತಿದ್ದರು. ಆ ಊರಲ್ಲಿ ಮೊದಲು ಇದ್ದದ್ದು ಅತ್ತೆಯ ಹಗ್ಗ. ನಾಯ್ಲಾನು ನಿನ್ನೆ ಮೊನ್ನೆ ಹೈವೇಯಿಂದ ಇಳಿದು ಬಂದದ್ದು. ಬೇರೆಯಾಗಿದ್ದು ಮಾತ್ರ ಆಕೆಯದು!

“ಸರ,” ಎಂದೆ. “ನಿಮ್ಮ ಮೊಮ್ಮಗಳ ತೊಟ್ಟಲಾ ತೂಗಿದ್ದು ಯಾರ ಹಗ್ಗದ ಮ್ಯಾಲ್ರಿ?”

ಅವರು ಪೇಪರು ಎತ್ತಿಕೊಂಡರು. ಒಳಗೆ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ, “ಎರಡು ಕೂಸು ತೂಗೇವಿ, ಒಂದು ಎಳಿ ಸೈತ ಬಿಚ್ಚಿಲ್ಲ,” ಎಂದರು, ಯಾರನ್ನೂ ಉದ್ದೇಶಿಸದೆ. ನಾನು ನಮಸ್ಕಾರ ಹೇಳದೆ ಇಳಿದು ಬಂದೆ. ಗುರುಗಳಿಗೆ ಹಾಗೆ ಮಾಡಿದ್ದು ಅದೇ ಮೊದಲು. ಪಶ್ಚಾತ್ತಾಪ ಇಲ್ಲ.

ಮನೆಗೆ ಬಂದು ಅತ್ತೆಯ ಎದುರು ಕೂತೆ. “ನಾ ತಪ್ಪ ಹೇಳಿದ್ದೆ. ಬಿಟ್ಟ ಕೈ ಅಂತ ಯಾವುದೂ ಇಲ್ಲ. ನನಗ ಗೊತ್ತಿತ್ತು, ಚಪ್ಪಾಳಿ ಸಲುವಾಗಿ ಹಂಗಂದೆ,” ಎಂದೆ. ಆಕೆ ನಾರಿನ ಮೇಲಿಂದ ಕಣ್ಣೆತ್ತಲಿಲ್ಲ.

“ಅದನ್ನ ನನ್ನ ಮುಂದ ಹೇಳಿದ್ರ ಏನ್ ಬಂತು? ಅಂದದ್ದು ಸಾಲ್ಯಾಗ.”

ಮರುದಿನ ಕಾಲೇಜಿಗೆ ರಜೆ ಹಾಕಿ, ಶಾಲೆಯ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಹೋದೆ. ಈಗಿನ ಹೆಡ್‌ಮೇಡಂ ಐದು ನಿಮಿಷ ಕೊಟ್ಟರು. ಮಕ್ಕಳೆದುರು ನನ್ನ ಸಾಲನ್ನು ನಾನೇ ಹರಿದು ಹಾಕಿದೆ. ಮೇಳದಲ್ಲಿ ಹೇಳಿದ್ದು ತಪ್ಪು, ಸೊನ್ನೆ ತೋರಿಸಿದ್ದು ಯಂತ್ರ, ಹರಳುಗಳು ಸೊನ್ನೆಯಾಗಿರಲಿಲ್ಲ ಎಂದೆ. ಕೆಂಪು ಚಿಂದಿ ಏಕೆಂದು ಹೇಳಿದೆ. ಈ ಸಲ ಚಪ್ಪಾಳೆ ಬೀಳಲಿಲ್ಲ. ಬೀಳದ್ದೇ ಚಲೋ ಆಯಿತು.

ತಿರುಗಿ ಬರುವಷ್ಟರಲ್ಲಿ ಕಾಕಾ ನಮ್ಮ ಅಂಗಳದಲ್ಲಿ ನಿಂತಿದ್ದರು. ಮೋಟಾರು ಇನ್ನೂ ಬಾವಿಯ ತಳದಲ್ಲೇ ಬಿದ್ದಿತ್ತು.

“ಅಕ್ಕಾ, ಬಾವಿಗಿ ಪೂರಾ ಸಾಲುವಂಥ ಒಂದ ಹಗ್ಗಾ ಬೇಕಾಗೇತಿ. ನಡುವ ಗಂಟ ಬ್ಯಾಡ.”

“ಮಾಸ್ತರ ಮಾತು?” ಎಂದಳು ಅತ್ತೆ.

“ಮಾಸ್ತರೇನ್ ಬಾವ್ಯಾಗ ಇಳೀತಾರ?”

ಅತ್ತೆ ಆ ಮೊಳದುದ್ದದ ಬಲಹುರಿಯನ್ನು ಒಲೆಯ ಕಡೆ ಎಸೆದು ಎದ್ದಳು. “ನನ್ನ ಹಗ್ಗಾ ಅಂಗಳದಾಗ ಒಗದು ಹ್ವಾದವರಾಗ ನೀನೂ ಒಬ್ಬಾಂವ. ತುದಿ ಹಿಡಿಯಾಕ ನೀನ ಬರಬೇಕು. ಇಕಿ ಬ್ಯಾಡ,” ಎಂದು ನನ್ನ ಕಡೆ ಬೆರಳು ಮಾಡಿದಳು. “ಇಕಿ ಕುಂತು ನೋಡ್ಲಿ.”

ಅಂಗಳದ ಆ ತುದಿಗೆ ಕಾಕಾ ಹುರಿ ತಿರುವುವ ಕೊಕ್ಕೆ ಹಿಡಿದು ನಿಂತರು, ಈ ತುದಿಗೆ ಅತ್ತೆ. ಕಾಕಾನ ಕೈ ಜನ್ಮದ ರೂಢಿಯಂತೆ ತಿರುಗಿತು, ಹಾಕಿದ ಹುರಿಯೆಲ್ಲ ಬಿಚ್ಚಿಕೊಂಡಿತು.

“ಆ ಕಡೆ ಅಲ್ಲಲೇ ತಮ್ಮಾ! ನನ್ನ ಕಡೆ!”

“ಇದ ನಿನ್ನ ಕಡೆ ಅಲ್ಲೇನಕ್ಕಾ?”

“ಅದು ನಿಮ್ಮ ಮಾಸ್ತರ ಕಡೆ! ಹೊಳ್ಳಿಸಿ ತಿರುವು.”

ಅವರು ಹೊಳ್ಳಿಸಿ ತಿರುವಿದರು. ಎರಡು ಮಾರು ಸರಿಯಾಗಿ ಹೋಗಿ, ಮೂರನೆಯದಕ್ಕೆ ಮತ್ತೆ ತಪ್ಪಿದರು. ಆಕೆ ಮತ್ತೆ ಬೈದಳು. ಐದನೆಯ ಮಾರಿಗೆ ಬೈಗುಳದ ನಡುವೆ ಯಾರದೋ ಎಮ್ಮೆಯ ಕತೆ ಶುರುವಾಗಿತ್ತು. ಕಾಕಾ ನಗುತ್ತಿದ್ದರು, ಅತ್ತೆಯ ಎಡಗೈ ನಾರಿನ ಮೇಲೆ ಸರಸರ ಓಡುತ್ತಿತ್ತು. ನಾನು ಹೇಳಿಸಿಕೊಂಡಂತೆ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ನನಗೆ ನಗು ಬರಲಿಲ್ಲ. ಅಂಗಳದ ಮೂಲೆಯಲ್ಲಿ ಬಿದ್ದ ಆ ಒಟ್ಟಲನ್ನು ಒಯ್ಯಲು ಅಂದು ಮಧ್ಯಾಹ್ನದ ತನಕ ಇನ್ನೊಬ್ಬರು ಯಾರೂ ಬರಲಿಲ್ಲ.